ರಟ್ಟುಗಳನ್ನು ರದ್ದಿಗೆ ಹಾಕುವ ಮೊದಲು

ಪ್ರಶ್ನೆ: ನನಗೆ 36 ವರ್ಷ. ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ 13 ವರ್ಷಗಳಿಂದ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಅಳತೆಯ ಅಚ್ಚು, ಮಾಡುತ್ತಿದ್ದೇನೆ. ಮೊದಲು ರಟ್ಟಿನಲ್ಲಿ ಮಾಡುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ತಂದೆ ಕಟಿಂಗ್ ಮಾಸ್ಟರ್ ಆಗಿದ್ದರು. ದೂರಶಿಕ್ಷಣದಲ್ಲಿ ಇತಿಹಾಸ ಎಂ.ಎ. ಮುಗಿಸಿದ್ದೇನೆ, ಶೇ 61 ಅಂಕ ಬಂದಿದೆ. ಉಡುಪಿನ ಇತಿಹಾಸದಲ್ಲಿ ಪಿಎಚ್.ಡಿ. ಮಾಡಬೇಕೆಂಬ ಆಸೆ ಎರಡು ವರ್ಷದಿಂದ ಬಿಡುತ್ತಿಲ್ಲ. "ಬಟ್ಟೆ ಹೊಲಿಯುವುದಕ್ಕೂ ಡಾಕ್ಟರ್ ಆಗಬೇಕೇ" ಎಂದು ಅತ್ತೆ ನಗುತ್ತಾರೆ. ಪತಿ ಬೇಡ ಎನ್ನುವುದಿಲ್ಲ, ಬೇಕು ಎಂದೂ ಹೇಳುವುದಿಲ್ಲ. ಮಗ ಒಂಬತ್ತನೆಯ ತರಗತಿ. ಇದು ನಿಜವಾಗಿ ಓದುವ ವಿಷಯವೇ? ಕೆಲಸ ಬಿಟ್ಟು ಇಳಿಯಲೇ? ಈ ವಯಸ್ಸಿನಲ್ಲಿ ಹೀಗೆ ಆಸೆಪಡುವುದು ಸ್ವಾರ್ಥವೇ?
— ಓದುಗರು, ಬಳ್ಳಾರಿ

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮಗೆ ಉತ್ತರ ಹೇಳಬೇಕೆನಿಸಿತು, ಎರಡನೆಯ ಸಲ ನಿಮ್ಮ ಅತ್ತೆಗೆ. ಅವರ ಪ್ರಶ್ನೆಗೆ ನೀವು ನೊಂದುಕೊಂಡಿದ್ದೀರಿ. ಆದರೆ ಅದು ಕೆಟ್ಟ ಪ್ರಶ್ನೆಯಲ್ಲ. ಓದಿದವರೂ ಇದನ್ನೇ ಕೇಳುತ್ತಾ ಬಂದಿದ್ದಾರೆ, ಅತ್ತೆಯಷ್ಟು ನೇರವಾಗಿ ಕೇಳುವುದಿಲ್ಲ ಅಷ್ಟೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಉಡುಪಿನ ಮೇಲೆ ಸಂಶೋಧನೆ ಮಾಡುತ್ತಿದ್ದ ವ್ಯಾಲರಿ ಸ್ಟೀಲ್ ಅವರಿಗೆ ಒಂದು ಕೂಟದಲ್ಲಿ ಇತಿಹಾಸದ ಪ್ರಾಧ್ಯಾಪಕರೊಬ್ಬರು ಸಿಕ್ಕರಂತೆ. ನಿಮ್ಮ ವಿಷಯವೇನು ಎಂದು ಕೇಳಿದರು. ಇವರು 'ಫ್ಯಾಷನ್' ಎಂದರು. ಪ್ರಾಧ್ಯಾಪಕರು ಆಸಕ್ತಿಯಿಂದ, ಜರ್ಮನಿಯದೋ ಇಟಲಿಯದೋ ಎಂದು ವಿಚಾರಿಸಿದರು. ಅವರ ಕಿವಿಗೆ ಬಿದ್ದದ್ದು 'ಫ್ಯಾಸಿಸಂ'! ಇತಿಹಾಸ ಓದಿದ ಜಾಣ ಹುಡುಗಿ ಬಟ್ಟೆಯ ಬಗ್ಗೆ ಓದುತ್ತಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ಇದನ್ನು ಬರೆದವರು ಸ್ಟೀಲ್ ಅವರೇ. ಮುಂದೆ 1997ರಲ್ಲಿ ಅವರು 'ಫ್ಯಾಷನ್ ಥಿಯರಿ' ಎಂಬ ವಿದ್ವತ್ ಪತ್ರಿಕೆಯನ್ನು ಆರಂಭಿಸಿದರು. ಈ ಓದಿಗೆ ತನ್ನದೇ ಒಂದು ಅಂಗಳ ಸಿಕ್ಕಿದ್ದರಲ್ಲಿ ಆ ಪತ್ರಿಕೆಯ ಪಾಲು ದೊಡ್ಡದು.

ನನಗೂ ಅಂಥದೇ ಅನುಭವವಾಯಿತು, ನಮ್ಮ ಭಾಷೆಯ ಚಮತ್ಕಾರದಿಂದ. ಪಿಎಚ್.ಡಿ. ಸಂದರ್ಶನದಲ್ಲಿ "ಉಡುಪಿನ ಇತಿಹಾಸ" ಎಂದೆ. ಸಮಿತಿಯ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಅಷ್ಟಮಠಗಳ ಮೇಲೆ ಈಗಾಗಲೇ ಬಹಳ ಕೆಲಸ ಆಗಿದೆಯಲ್ಲಮ್ಮಾ" ಎಂದರು. ಉಡುಪಿಯಲ್ಲ ಸಾರ್, ಉಡುಪು ಎಂದು ಬಿಡಿಸಿ ಹೇಳಿದೆ. ಕೋಣೆಯಲ್ಲಿ ಎಲ್ಲರೂ ನಕ್ಕರು. ನಗು ನಿಂತ ಮೇಲೆ ಒಬ್ಬರು, ಕೈಮಗ್ಗ ಸಹಕಾರ ಸಂಘಗಳ ಆರ್ಥಿಕ ಸ್ಥಿತಿಗತಿ ತೆಗೆದುಕೊಳ್ಳಬಾರದೇಕೆ ಎಂದು ಸಲಹೆ ಕೊಟ್ಟರು. ಬಟ್ಟೆಯ ಸುತ್ತ ಇರುವ ಸಂಘ, ಸಾಲ, ಯೋಜನೆ ಎಲ್ಲವೂ ಗಂಭೀರ ವಿಷಯಗಳಂತೆ. ಬಟ್ಟೆ ಮಾತ್ರ ಅಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಊರಿನ ಹತ್ತಿರವೇ ಇದೆ. ಹಂಪಿಯ ಹಜಾರರಾಮ ದೇವಸ್ಥಾನದ ಪ್ರಾಕಾರದ ಗೋಡೆಯನ್ನು ಶಾಲೆಯ ಪ್ರವಾಸದಲ್ಲಿ ನೋಡಿರುತ್ತೀರಿ. ಇನ್ನೊಮ್ಮೆ ಹೋಗಿ ದೇವರನ್ನು ಬಿಟ್ಟು ಮನುಷ್ಯರ ಮೈಮೇಲಿನ ಬಟ್ಟೆಯನ್ನಷ್ಟೇ ನೋಡಿ. ವಿಜಯನಗರದ ದೊರೆಗಳು ಓಲಗದಲ್ಲಿ ತೊಡುತ್ತಿದ್ದ ಉದ್ದನೆಯ ಹೊಲಿದ ಅಂಗಿಗೆ ಕಬಾಯಿ ಎಂದು ಹೆಸರು, ತಲೆಯ ಮೇಲಿನ ಎತ್ತರದ ಟೊಪ್ಪಿಗೆಗೆ ಕುಲ್ಲಾಯಿ. ಮೊದಲನೆಯದರ ಮೂಲ ಅರಬ್ಬಿಯ 'ಕಬಾ', ಎರಡನೆಯದರದು ಪಾರಸಿಯ 'ಕುಲಾಹ್'. ತಿರುಮಲದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹದ ಮೂರ್ತಿಯ ತಲೆಯ ಮೇಲೂ ಅದೇ ಎತ್ತರದ ಟೊಪ್ಪಿಗೆ ಇದೆ. 1520ರ ಸುಮಾರಿಗೆ ರಾಯನನ್ನು ಕಂಡ ಪೋರ್ಚುಗೀಸ್ ವ್ಯಾಪಾರಿ ದೊಮಿಂಗೊ ಪಾಯಸ್, ಬಂಗಾರದ ಗುಲಾಬಿ ಕಸೂತಿಯ ಬಿಳಿ ಬಟ್ಟೆಯನ್ನೂ ಜರತಾರಿ ಟೊಪ್ಪಿಗೆಯನ್ನೂ ವರ್ಣಿಸಿ, ಕಾಲಲ್ಲಿ ಮಾತ್ರ ಏನೂ ಇರಲಿಲ್ಲ ಎಂದು ಬರೆದ. ಬರಿಗಾಲ ದೊರೆ ಅವನಿಗೆ ಸೋಜಿಗವಾಗಿ ಕಂಡಿರಬೇಕು. ಅಮೆರಿಕದ ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಈ ಕಬಾಯಿ-ಕುಲ್ಲಾಯಿಗಳನ್ನೇ ಹಿಡಿದು ಒಂದು ಲೇಖನ ಬರೆದರು. ವಿಜಯನಗರ ಮತ್ತು ಸುಲ್ತಾನರನ್ನು ಎರಡು ಬೇಲಿಗಳ ಹಿಂದೆ ನಿಲ್ಲಿಸಿ ಹೇಳುತ್ತಿದ್ದ ಕತೆ ಅಲ್ಲಿಂದ ಮುಂದೆ ಅಷ್ಟು ಸಲೀಸಾಗಿ ಉಳಿಯಲಿಲ್ಲ. ದೊರೆ ತನ್ನ ದೇವರನ್ನು ಬದಲಿಸಲಿಲ್ಲ, ಓಲಗದ ಅಂಗಿಯನ್ನು ಬದಲಿಸಿದ, ಅದರಿಂದ ಹೊರಗಿನ ಲೋಕಕ್ಕೆ, ನಾನೂ ನಿಮ್ಮ ನಡುವಿನವನೇ ಎಂಬ ಮಾತು ಹೇಳಿದ. ಆ ಮಾತನ್ನು ಒಂದು ಟೊಪ್ಪಿಗೆ ಹೇಳಿತು. ಅತ್ತೆಗೆ ಇಷ್ಟು ಸಾಕಾಗದಿದ್ದರೆ, ನಮ್ಮ ನಾಡಿನಲ್ಲಿ ನೇಯ್ದ ಜೇಡರ ದಾಸಿಮಯ್ಯ, ನೂತ ಕದಿರ ರೆಮ್ಮವ್ವೆ, ಹೊಲಿದ ಸೂಜಿಕಾಯಕದ ರಾಮಿತಂದೆ ಎಲ್ಲರೂ ವಚನಕಾರರು ಎಂದು ನೆನಪಿಸಿ. ಮಗ್ಗ, ಕದಿರು, ಸೂಜಿ ಮೂರಕ್ಕೂ ಬಾಯಿ ಬಂದದ್ದು ಒಂಬೈನೂರು ವರ್ಷಗಳ ಹಿಂದೆ.

ಇನ್ನು ಕೆಲಸ ಬಿಡುವ ಮಾತು. ಅದಕ್ಕೆ ಮೊದಲು ನಾನು ಬಿಟ್ಟ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಈ ಅಂಕಣದಲ್ಲಿ ನನ್ನ ಹೆಸರಿನ ಕೆಳಗೆ "ಬ್ಯಾಂಕ್ ಕೆಲಸ ತೊರೆದು ಸಂಶೋಧನೆಗೆ ಇಳಿದವರು" ಎಂದು ಹಾಕುತ್ತಾರೆ. ಓದಲು ಚೆನ್ನಾಗಿದೆ, ಅರ್ಧ ಸತ್ಯ.

ನಾನು ಕೊಪ್ಪಳ ಜಿಲ್ಲೆಯ ನೇಕಾರರ ಮನೆಯವಳು. ಅವ್ವ ಇಳಕಲ್ ಸೀರೆ ನೇಯುತ್ತಿದ್ದಳು. ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಕುಳಿತ ಬದುಕು ಮಕ್ಕಳಿಗೆ ಬೇಡವೆಂದು ನನ್ನನ್ನು ಓದಿಸಿದರು. 1998ರಲ್ಲಿ ಬ್ಯಾಂಕ್ ಸೇರಿದೆ, ಬಹುಪಾಲು ರಾಯಚೂರಿನಲ್ಲೇ ಕಳೆದೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟುಗಳು ರದ್ದಾದವಲ್ಲ, ಮರುವಾರ ನಾನು ಕ್ಯಾಷ್ ಕೌಂಟರಿನಲ್ಲಿದ್ದೆ. ಸಾಲಿನಲ್ಲಿ ನಿಂತ ಹೆಂಗಸರು ನೋಟು ಹೊರತೆಗೆಯುವುದನ್ನು ನೋಡುತ್ತಾ ನೋಡುತ್ತಾ ನನ್ನ ಕೈ ನಿಧಾನವಾಯಿತು. ಒಬ್ಬಾಕೆ ಸೆರಗಿನ ತುದಿಯ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಇನ್ನೊಬ್ಬಳು ಸೊಂಟದ ಸಂಚಿಯಿಂದ, ಸುಣ್ಣದ ಡಬ್ಬಿಯ ಕೆಳಗಿನಿಂದ ತೆಗೆದಳು. ಮತ್ತೊಬ್ಬಳ ನೋಟುಗಳಿಗೆ ಟ್ರಂಕಿನ ನುಸಿಗುಳಿಗೆಯ ವಾಸನೆ. ಎಂಟು ಮಡಿಕೆಯ ನೋಟು, ಬೆವರಿಗೆ ಮೆತ್ತಗಾದ ನೋಟು, ಕುಬಸದ ಒಳಗಿನಿಂದ ಬಂದದ್ದಕ್ಕೆ ಮೈಯದೇ ಬಾಗು. ಗಂಡಸರು ಕಿಸೆಗೆ ಕೈ ಹಾಕಿ ತೆಗೆಯುತ್ತಿದ್ದರು, ಅಷ್ಟೆ. ಆ ವಾರವೆಲ್ಲ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ನಮ್ಮ ಕಡೆಯ ಹೆಂಗಸಿನ ಉಡುಪಿಗೆ ಕಿಸೆ ಯಾಕಿಲ್ಲ, ಇಲ್ಲದ ಕಿಸೆಯ ಕೆಲಸವನ್ನು ಬಟ್ಟೆಯ ಯಾವ ಯಾವ ಮೂಲೆ ಮಾಡಿದೆ?

ಅದೇ ನನ್ನ ವಿಷಯವಾಯಿತು. ಹಾಗೆಂದು ಆ ವಾರವೇ ರಾಜೀನಾಮೆ ಬರೆದೆನೇ? ಇಲ್ಲ. 2018ರವರೆಗೆ ಕಾದೆ. ಇಪ್ಪತ್ತು ವರ್ಷ ಸೇವೆ ತುಂಬಿದರೆ ಸ್ವಯಂ ನಿವೃತ್ತಿಗೂ ಪಿಂಚಣಿ ಸಿಗುತ್ತದೆ ಎಂಬ ಲೆಕ್ಕ ನನಗೆ ಬಾಯಿಪಾಠವಾಗಿತ್ತು. 2019ರಲ್ಲಿ ಹೊರಬಂದೆ. ಬಂದದ್ದಕ್ಕೆ ಸಂಶೋಧನೆ ಅರ್ಧ ಕಾರಣ, ಉಳಿದರ್ಧ ಸಿಟ್ಟು. ದೂರದ ಶಾಖೆಗೆ ವರ್ಗಾವಣೆ ಆಗಿತ್ತು, ನನಗಿಂತ ಕಿರಿಯ ಮೇಲಧಿಕಾರಿಯೊಬ್ಬರು ಎಲ್ಲರೆದುರು ಒಂದು ಮಾತು ಆಡಿದ್ದರು. ಆ ಸಿಟ್ಟು ಆರು ತಿಂಗಳಿಗೆ ಇಳಿದುಹೋಯಿತು. ಇಳಿದ ಮೇಲೆ ಬೆಳಿಗ್ಗೆ ಹತ್ತಕ್ಕೆ ಎಲ್ಲಿಗೂ ಹೋಗಬೇಕಿಲ್ಲದ ಮನೆಯಲ್ಲಿ ಕುಳಿತು ಅತ್ತಿದ್ದೇನೆ. ಓಡಿಬರುವುದಕ್ಕೂ ಹುಡುಕಿಕೊಂಡು ಹೋಗುವುದಕ್ಕೂ ಹೊರಗಿನಿಂದ ಒಂದೇ ಚಹರೆ. ನಿಮ್ಮದರಲ್ಲಿ ಎಷ್ಟು ಪಾಲು ಯಾವುದು ಎಂದು ನಿಮ್ಮ ಪತ್ರದಿಂದ ನನಗೆ ತಿಳಿಯುವುದಿಲ್ಲ. ಘಟಕದಲ್ಲಿ ಈಚೆಗೆ ಏನಾದರೂ ನಡೆದಿದೆಯೇ? ಎರಡು ವರ್ಷಗಳ ಹಿಂದೆ ಈ ಆಸೆ ಹುಟ್ಟಿದ ತಿಂಗಳು ಯಾವುದು, ಆ ತಿಂಗಳು ಅಲ್ಲಿ ಏನಾಯಿತು? ನೆನಪು ಮಾಡಿಕೊಳ್ಳಿ.

ನನ್ನ ಧೈರ್ಯಕ್ಕೆ ಪಿಂಚಣಿಯ ಬೆನ್ನಿತ್ತು. ನಿಮಗೆ ಅದಿಲ್ಲ. ಆದ್ದರಿಂದ ನನ್ನ ಉತ್ತರ: ಈಗ ಬಿಡಬೇಡಿ.

ಇದಕ್ಕೆ ಸಂಬಳವೊಂದೇ ಕಾರಣವಲ್ಲ. ನೀವು ಬಿಡಬೇಕೆಂದಿರುವ ಕೆಲಸದಲ್ಲೇ ನಿಮ್ಮ ವಿದ್ವತ್ತಿನ ಬಂಡವಾಳ ಇದೆ. ಇದು ನನಗೆ ಹೇಗೆ ಗೊತ್ತಾಯಿತೆಂದರೆ, ಕ್ಷೇತ್ರಕಾರ್ಯದ ಎರಡನೆಯ ವರ್ಷ ಕುಷ್ಟಗಿ ತಾಲ್ಲೂಕಿನ ಒಂದು ಊರಿನಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಟ್ರಂಕು ತೆರೆದು ಮದುವೆಯ ಕುಬಸ ತೋರಿಸಿದರು. ಗುಳೇದಗುಡ್ಡದ ಖಣ ಎಂಬ ಕುಬಸದ ಬಟ್ಟೆಯದು, ಬಣ್ಣ ಇನ್ನೂ ಮಾಸಿರಲಿಲ್ಲ. ನಾನು ಫೋಟೋ ತೆಗೆದೆ, ಉದ್ದಗಲ ಬರೆದುಕೊಂಡೆ, ಅಂಚಿನ ವಿನ್ಯಾಸದ ಹೆಸರು ಕೇಳಿದೆ, ಕೆಲಸ ಮುಗಿಯಿತು ಎಂದುಕೊಂಡೆ. ಜೊತೆಗೆ ಬಂದಿದ್ದ ಊರಿನ ದರ್ಜಿಯೊಬ್ಬರು ಸುಮ್ಮನೆ ಕುಬಸವನ್ನು ಒಳಮಗ್ಗುಲು ತಿರುಗಿಸಿದರು. ಪಕ್ಕದ ಹೊಲಿಗೆಯ ಬದಿಯಲ್ಲಿ, ಒಳಗೆ ಮಡಚಿಟ್ಟ ಬಟ್ಟೆಯ ಮೇಲೆ, ಸೂಜಿ ಹೋಗಿ ಬಂದ ಸಣ್ಣ ರಂಧ್ರಗಳ ಸಾಲು. ಒಂದಲ್ಲ, ಮೂರು ಸಾಲು. ಅರ್ಧ ಅರ್ಧ ಬೆರಳಿನ ಅಂತರ. "ಮೂರು ಸಲ ಬಿಚ್ಚಿ ಸಡಿಲ ಮಾಡಿದ್ದಾರೆ. ಆಮೇಲೆ ಒಂದು ಸಲ ಮತ್ತೆ ಬಿಗಿ ಮಾಡಿದ್ದಾರೆ, ನೋಡಿ, ಈ ಸಾಲಿನ ದಾರ ಬೇರೆ" ಎಂದರು. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಾನು ಹೆತ್ತ ಮಕ್ಕಳ ಲೆಕ್ಕ ಹೇಳಿದರು, ಉಳಿಯದ ಒಂದರದ್ದೂ ಸೇರಿಸಿ. ಕೊನೆಯ ಬಿಗಿ ಯಾವಾಗಿನದೆಂದೂ ಹೇಳಿದರು: ಬರಗಾಲದ ವರ್ಷದ್ದು.

ನಾನು ಮುನ್ನೂರು ಪುಟ ಓದಿಕೊಂಡು ಹೋಗಿದ್ದೆ. ಆ ರಂಧ್ರಗಳು ನನಗೆ ಕಂಡಿರಲಿಲ್ಲ. ನಿಮಗೆ ಕಾಣುತ್ತಿದ್ದವು, ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರೂ ತಿಳಿಯುತ್ತಿತ್ತು. ಯೇಲ್‌ನ ಜೂಲ್ಸ್ ಪ್ರೌನ್ 1982ರಲ್ಲಿ ವಸ್ತುವನ್ನು ಓದುವುದಕ್ಕೆ ಒಂದು ಕ್ರಮ ಹಾಕಿಕೊಟ್ಟರು. ಮೊದಲು ಬರಿಯ ವರ್ಣನೆ, ಆಮೇಲೆ ಅದರಿಂದ ಹೊರಡುವ ತೀರ್ಮಾನ, ಕೊನೆಗೆ ಊಹೆ. ನಮ್ಮಂಥವರು ಮೊದಲ ಮೆಟ್ಟಿಲಲ್ಲೇ ಎಡವುತ್ತೇವೆ, ಯಾಕೆಂದರೆ ಕತ್ತರಿ ಹಿಡಿದು ಗೊತ್ತಿಲ್ಲ. ಊಹೆಗೆ ಮಾತ್ರ ಮೊದಲು ನೆಗೆಯುತ್ತೇವೆ.

ಅವ್ವನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೂಲು ಯಾವುದೆಂದು ತಿಳಿಯಲು ಸುಟ್ಟು ನೋಡುವ ಪರೀಕ್ಷೆಯನ್ನು ಆಗ ಹೊಸದಾಗಿ ಕಲಿತಿದ್ದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಹತ್ತಿಯೂ ಕೃತಕ ರೇಷ್ಮೆಯೂ ಸುಟ್ಟರೆ ಕಾಗದದ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅವ್ವನ ಹಳೆಯ ಸೀರೆಯ ಸೆರಗಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ಕಾಗದ! ಅವಳು ಜೀವಮಾನವಿಡೀ ರೇಷ್ಮೆ ಎಂದು ಜೋಪಾನ ಮಾಡಿದ ಸೆರಗು ಕೃತಕ ರೇಷ್ಮೆಯದು. ಹೇಗೆ ಹೇಳಲಿ ಎಂದು ಒದ್ದಾಡುತ್ತಾ ಹೇಳಿದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆ, "ನೂಲು ತಂದವಳು ನಾನು, ನೇಯ್ದವಳು ನಾನು. ನನಗೆ ಗೊತ್ತಿಲ್ಲವೇನು? ಸುಡುವುದಕ್ಕೆ ಮೊದಲು ಕೇಳಬಹುದಿತ್ತಲ್ಲ" ಎಂದಳು.

ಕೇಳಬಹುದಿತ್ತು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದಕ್ಕೇ ಕೊಂಡಿ ಎನ್ನುವುದು. ಹೀಗಾಗಿ ಹಾಸನ್ನು ಒಂದೊಂದು ಸೀರೆಗೂ ಹೊಸದಾಗಿ ಹೂಡಬೇಕು. ಅವ್ವ ಕೊಂಡಿ ಹಾಕುವಾಗ ಎಡಗೈಯ ಹೆಬ್ಬೆರಳು ಮತ್ತು ಕಿರುಬೆರಳಿನ ನಡುವೆ ಎಳೆ ಹಿಡಿಯುತ್ತಿದ್ದ ರೀತಿ ಅವಳದೇ ಆಗಿತ್ತು. ನಾನು ಭಾನುವಾರ ಭಾನುವಾರ ಬೇರೆ ಊರಿನ ನೇಕಾರರನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಅವಳನ್ನು ಯಾವಾಗಲಾದರೂ ಕೇಳಿದರಾಯಿತು ಎಂದುಕೊಂಡಿದ್ದೆ. ಸಂಶೋಧನೆಯ ಮೂರನೆಯ ವರ್ಷ ಅವಳು ತೀರಿಕೊಂಡಳು. ನನ್ನ ಮೊಬೈಲಿನಲ್ಲಿ ಅವಳ ದನಿ ಹನ್ನೊಂದು ನಿಮಿಷ ಇದೆ, ಅದರಲ್ಲಿ ನಾಲ್ಕು ನಿಮಿಷ ಬೆಕ್ಕನ್ನು ಬೈಯುತ್ತಾಳೆ. ನಿಮ್ಮ ತಂದೆ "ಕಟಿಂಗ್ ಮಾಸ್ಟರ್ ಆಗಿದ್ದರು" ಎಂದು ಬರೆದಿದ್ದೀರಿ. ಕೆಲಸ ಬಿಟ್ಟಿದ್ದಾರೆ ಎಂಬ ಅರ್ಥದಲ್ಲಿ ಬರೆದಿದ್ದರೆ, ಇರುವವರೆಂದಾದರೆ, ಈ ಭಾನುವಾರವೇ ಹೋಗಿ ಅವರೆದುರು ಮೊಬೈಲ್ ಇಟ್ಟುಕೊಂಡು ಕುಳಿತುಕೊಳ್ಳಿ.

ವಿಷಯ ಯಾವುದು ತೆಗೆದುಕೊಳ್ಳಲಿ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಹೇಳದೆ ಇರಲಾರೆ. "ಉಡುಪಿನ ಇತಿಹಾಸ" ಎಂಬುದು ವಿಷಯವಲ್ಲ, ಸಮುದ್ರ. ನಿಮ್ಮ ಜಿಲ್ಲೆಯಲ್ಲೇ ಎರಡು ಹೊಲಿಗೆಗಳಿವೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. 2023ರ ಜುಲೈಯಲ್ಲಿ ಜಿ-20 ಸಭೆ ಹಂಪಿಯಲ್ಲಿ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ಆ ಹೆಣ್ಣುಮಕ್ಕಳ ಕೈಗೆ ಅದು ಸಲ್ಲಬೇಕಾದದ್ದೇ. ಆದರೆ ಅದೇ ಜಿಲ್ಲೆಯ ಕೌಲ್‌ಬಜಾರಿನ ಗಲ್ಲಿಗಳಲ್ಲಿ ಹೊಲಿದ ಪ್ಯಾಂಟು? ಅದನ್ನು ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಟ್ಟವರಿಲ್ಲ. ಕೈಯಿಂದ ಮಾಡಿದ್ದು ಕಲೆ, ಮಷೀನಿನಲ್ಲಿ ಮಾಡಿದ್ದು ಮಾಲು ಎಂಬ ಭಾವನೆ ನಮ್ಮ ವಿದ್ವಾಂಸರಲ್ಲಿ ಹಾಸುಹೊಕ್ಕಾಗಿದೆ. ಓವರ್‌ಲಾಕ್ ಮಷೀನಿನ ಮುಂದೆ ಕುಳಿತವಳಿಗೂ ಎರಡು ಕೈಗಳಿವೆ ಎಂದು ಅವರಿಗೆ ಯಾರಾದರೂ ಹೇಳಬೇಕು.

ಜೀನ್ಸ್ ಓದುವ ವಸ್ತುವೇ ಎಂದು ಯಾರಾದರೂ ಮೂಗು ಮುರಿದರೆ, ಡೇನಿಯಲ್ ಮಿಲ್ಲರ್ ಮತ್ತು ಸೋಫಿ ವುಡ್‌ವರ್ಡ್ ಎಂಬ ಇಬ್ಬರು ಸಂಶೋಧಕರು ಉತ್ತರ ಲಂಡನ್‌ನ ಬೀದಿಗಳಲ್ಲಿ ಮನೆ ಮನೆಗೆ ಹೋಗಿ ಜನ ಯಾಕೆ ಜೀನ್ಸ್ ತೊಡುತ್ತಾರೆ ಎಂದು ಕೇಳಿ 2012ರಲ್ಲಿ ಒಂದು ಇಡೀ ಗ್ರಂಥವನ್ನೇ ಬರೆದಿದ್ದಾರೆ ಎನ್ನಿ. ಅವರು ತೊಡುವವರನ್ನು ಕೇಳಿದರು. ನೀವು ಕತ್ತರಿಸುವವರನ್ನು ಕೇಳಬಲ್ಲಿರಿ. ಜೀನ್ಸಿನ ತಾಮ್ರದ ರಿವಿಟ್ ಇದೆಯಲ್ಲ, ಕಿಸೆಯ ಮೂಲೆ ಹರಿಯದಂತೆ ಅದನ್ನು ಮೊದಲು ಹೊಡೆದವನು ಅಮೆರಿಕದ ರೀನೋ ಊರಿನ ದರ್ಜಿ ಜೇಕಬ್ ಡೇವಿಸ್. ಪೇಟೆಂಟ್ ಪಡೆಯಲು ಕೈಯಲ್ಲಿ ಹಣ ಸಾಲದೆ ತನಗೆ ಬಟ್ಟೆ ಕೊಡುತ್ತಿದ್ದ ವರ್ತಕ ಲೆವಿ ಸ್ಟ್ರಾಸ್‌ಗೆ ಪತ್ರ ಬರೆದ. 1873ರ ಮೇ 20ರಂದು ಪೇಟೆಂಟ್ ಬಂತು. ಯಾರ ಹೆಸರು ಲೇಬಲ್ ಮೇಲೆ ಉಳಿಯಿತು ಎಂದು ಬಳ್ಳಾರಿಯವರಿಗೆ ನಾನು ಹೇಳಬೇಕಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವಂತೆ ಕಂಡದ್ದು ನೀವು ಮಾತಿನ ನಡುವೆ ಹೇಳಿದ ಎರಡು ಪದ: "ಮೊದಲು ರಟ್ಟಿನಲ್ಲಿ". ಆ ರಟ್ಟುಗಳು ಎಲ್ಲಿವೆ? ನಾನು ನೋಡಿದ ಒಂದು ಘಟಕದಲ್ಲಿ ಗೋಡೆಯ ಮೊಳೆಗಳಿಗೆ ಗೊಂಚಲು ಗೊಂಚಲಾಗಿ ನೇತುಹಾಕಿದ್ದರು. ಮುಂಭಾಗ, ಹಿಂಭಾಗ, ಬೆಲ್ಟ್, ಕಿಸೆ, ಎಲ್ಲಕ್ಕೂ ತೂತು ಹೊಡೆದು ದಾರ ಪೋಣಿಸಿತ್ತು. ಮೇಲೆ ಪೆನ್ಸಿಲಿನಲ್ಲಿ ಸೈಜು, ಕೆಲವದರ ಮೇಲೆ ತಾರೀಖು, ಒಂದರ ಮೇಲೆ ಯಾವುದೋ ಸಿನಿಮಾ ನಟನ ಹೆಸರು, ಅವನ ಪ್ಯಾಂಟಿನಂತೆ ಮಾಡಿದ್ದು ಎಂಬ ಗುರುತಿಗೆ. ಒಂದು ರಟ್ಟಿನ ಬಾಟಂ ಅಗಲ, ಮತ್ತೊಂದರದ್ದು ಕಿರಿದು. ಸೊಂಟದ ಎತ್ತರ ಎಷ್ಟು ಇಳಿಯಿತು, ಯಾವಾಗ ಮತ್ತೆ ಏರಿತು, ಹೆಣ್ಣುಮಕ್ಕಳ ಜೀನ್ಸಿನ ಕಿಸೆ ಎಷ್ಟು ಬೆರಳು ಗಿಡ್ಡ (ಇದು ನನ್ನ ಸ್ವಾರ್ಥದ ಪ್ರಶ್ನೆ), ಯಾವ ಸೈಜಿನ ರಟ್ಟು ಕೈ ತಾಗಿ ತಾಗಿ ಹೆಚ್ಚು ಸವೆದಿದೆ, ಅಂದರೆ ಯಾವ ಅಳತೆಯ ಮೈಗೆ ಹೆಚ್ಚು ಮಾಲು ಹೋಗಿದೆ, ಎಲ್ಲವೂ ಅಲ್ಲೇ ಇದೆ. ಗ್ರಂಥಾಲಯದಲ್ಲಿ ಇಲ್ಲದ ದಫ್ತರ ನಿಮ್ಮ ತಲೆಯ ಮೇಲೆ ಹದಿಮೂರು ವರ್ಷದಿಂದ ತೂಗಾಡುತ್ತಿದೆ. ಕಂಪ್ಯೂಟರ್ ಬಂದ ಮೇಲೆ ಅವು ಯಾರಿಗೂ ಬೇಡ.

ನಿಯಮಗಳ ಮಾತನ್ನು ಬೇಗ ಮುಗಿಸುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ ಅರೆಕಾಲಿಕ ಸಂಶೋಧನೆಗೆ ಅವಕಾಶವಿದೆ. ಕೆಲಸ ಮಾಡುವ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು, ಕೋರ್ಸ್ ವರ್ಕ್‌ಗೆ ಬಿಡುವು ಕೊಡುತ್ತೇವೆಂದೂ ಅದರಲ್ಲಿ ಇರಬೇಕು. ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮತ್ತೆ ಎರಡು ವರ್ಷ ವಿಸ್ತರಣೆ ಪಡೆಯಬಹುದು, ಹೆಣ್ಣುಮಕ್ಕಳಿಗೆ ಅದರ ಮೇಲೆ ಇನ್ನೂ ಎರಡು ವರ್ಷ ವಿನಾಯಿತಿ. ಶೇ 61 ಇದೆ, ಅಂಕದ ಚಿಂತೆ ಬೇಡ. ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನಕ್ಕೆ ವಯೋಮಿತಿ 30, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ನಿಮಗೆ ಆ ಬಾಗಿಲು ಮುಚ್ಚಿದೆ, ಅಂದರೆ ತಿಂಗಳಿಗೆ 37,000 ಬರುತ್ತದೆಂಬ ಲೆಕ್ಕದ ಮೇಲೆ ಮನೆ ಕಟ್ಟಬೇಡಿ. ನೆಟ್ ಪರೀಕ್ಷೆಯನ್ನು ಬರೆಯಬಹುದು, ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆಗೆ ವಯಸ್ಸಿನ ಮಿತಿಯಿಲ್ಲ. ನೆಟ್‌ನಲ್ಲಿ ಫ್ಯಾಷನ್ ಎಂಬ ಪ್ರತ್ಯೇಕ ವಿಷಯವಿಲ್ಲ, ನೀವು ಇತಿಹಾಸದಲ್ಲೇ ಬರೆಯಬೇಕು. ಇದರಿಂದ ಬೇಸರ ಬೇಡ, ಇತಿಹಾಸದ ಬಾಗಿಲಿನಿಂದ ಒಳಗೆ ಹೋಗಿ ಬಟ್ಟೆಯ ಪಕ್ಕ ಕುಳಿತುಕೊಳ್ಳಬಹುದು. ಬಳ್ಳಾರಿಯಲ್ಲೇ 2010ರಲ್ಲಿ ಆರಂಭವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ, ಕನ್ನಡದಲ್ಲೇ ಬರೆಯಬೇಕೆಂದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹತ್ತಿರ. ವಿಶ್ವವಿದ್ಯಾಲಯಕ್ಕಿಂತ ಮಾರ್ಗದರ್ಶಕರನ್ನು ನೋಡಿ ಆರಿಸಿಕೊಳ್ಳಿ. ಮೊದಲ ಭೇಟಿಗೆ ಒಂದು ರಟ್ಟನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುವವರು ನಿಮಗೆ ಆಗುತ್ತಾರೆ. ಪಕ್ಕಕ್ಕೆ ಸರಿಸಿ ಅರ್ಜಿ ಎಲ್ಲಿ ಎನ್ನುವವರಿಗೆ ನಮಸ್ಕಾರ ಹೇಳಿ ಎದ್ದುಬನ್ನಿ.

ಪದವಿ ಬಂದ ಮೇಲೆ ಕೆಲಸ ಸಿಗುತ್ತದೆಯೇ? ಕಾಯಂ ಹುದ್ದೆಯ ಆಸೆ ಇಟ್ಟುಕೊಂಡು ಹೊರಡಬೇಡಿ. ನನಗೆ ಸಿಕ್ಕಿದ್ದು ಅತಿಥಿ ಉಪನ್ಯಾಸಕಿಯ ಕೆಲಸ, ಎರಡು ವರ್ಷ ಮಾಡಿ ಬಿಟ್ಟೆ. ಈಗ ನನ್ನ ದುಡಿಮೆ ಚೂರು ಚೂರಾಗಿ ಬರುತ್ತದೆ: ಒಂದಿಷ್ಟು ಬರಹ, ಒಂದಿಷ್ಟು ನಾಟಕ ತಂಡಗಳಿಗೆ ವೇಷಭೂಷಣದ ಸಲಹೆ, ಆಗಾಗ ಹಳೆಯ ಬಟ್ಟೆಗಳ ಪಟ್ಟಿ ಮಾಡಿಕೊಡುವ ಕೆಲಸ. ನಿಮ್ಮ ಕೈಯಲ್ಲಿ ಇರುವ ಕಸುಬಿಗೆ ಇದಕ್ಕಿಂತ ಹೆಚ್ಚು ಗಿರಾಕಿಗಳಿದ್ದಾರೆ, ಅದನ್ನು ಕೈಬಿಡಬೇಡಿ.

ಮನೆಯ ಮಾತು. ಪತಿ ಬೇಡ ಎನ್ನುವುದಿಲ್ಲ, ಬೇಕು ಎನ್ನುವುದಿಲ್ಲ ಎಂದಿರಿ. ನನ್ನವರೂ ಹಾಗೇ ಇದ್ದರು. ಬಹಳ ದಿನ ಅದನ್ನು ಉದಾರತೆ ಎಂದುಕೊಂಡಿದ್ದೆ. ಎರಡನೆಯ ವರ್ಷ ಗೊತ್ತಾಯಿತು, ಅವರಿಗೆ ನಾನು ಏನು ಮಾಡುತ್ತಿದ್ದೇನೆಂದೇ ತಿಳಿದಿರಲಿಲ್ಲ, ನಾನು ಹೇಳಿರಲೂ ಇಲ್ಲ. ಖರ್ಚು ಮುಚ್ಚಿಟ್ಟಿದ್ದೆ. ಬಸ್ಸಿನ ಚಾರ್ಜು, ಫೋಟೋ, ಅಜ್ಜಿಯರಿಗೆ ಒಯ್ಯುವ ಹಣ್ಣು, ಒಂದು ಹಳೆಯ ಸೀರೆಗೆ ಕೊಟ್ಟ ನಾಲ್ಕು ಸಾವಿರ. ಅದು ಬಯಲಾದ ದಿನ ನಡೆದ ಜಗಳವನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಒಂದು ನೋಟುಬುಕ್ ಮಾಡಿ ಅಡುಗೆಮನೆಯ ಗೂಡಿನಲ್ಲಿ ಇಟ್ಟೆ, ಎಲ್ಲಿಗೆ ಹೋಗುತ್ತೇನೆ, ಎಷ್ಟು ಖರ್ಚು, ಎಷ್ಟಕ್ಕೆ ಬರುತ್ತೇನೆ ಎಂದು ಬರೆದಿಡುತ್ತಿದ್ದೆ. ಒಂದು ದಿನ ಅದರಲ್ಲಿ ಅವರ ಅಕ್ಷರ ಇತ್ತು: "ಸಿಂಧನೂರಿನಿಂದ ಆರೂವರೆಯ ಬಸ್ಸು ಈಗ ಇಲ್ಲ, ಐದಕ್ಕೇ ಹೊರಡು." ನೀವು "ಓದಬೇಕೆಂದಿದ್ದೇನೆ" ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಬುಧವಾರ, ಶನಿವಾರ ರಾತ್ರಿ ಎಂಟರಿಂದ ಹತ್ತು ನನ್ನ ಸಮಯ, ಆಗ ಮಗನ ಊಟ ನಿಮ್ಮದು, ತಿಂಗಳಿಗೆ ಇಷ್ಟು ಹಣ ಎಂದು ಬಿಡಿಸಿ ಹೇಳಿ. ಆಗ ಬೇಕು ಬೇಡ ಎರಡಕ್ಕೂ ಒಂದು ಹಿಡಿ ಸಿಗುತ್ತದೆ.

ಸ್ವಾರ್ಥವೇ ಎಂದು ಕೇಳಿದಿರಿ. ಹೌದು, ಸ್ವಲ್ಪ ಇದೆ. ನನ್ನ ಮಗಳ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ನಾನು ಲೇಪಾಕ್ಷಿಯ ಚಾವಣಿಯ ಕೆಳಗೆ ಕತ್ತು ಎತ್ತಿ, ಚಿತ್ರದ ಹೆಂಗಸರ ಸೀರೆಯ ಅಂಚು ಎಣಿಸುತ್ತಾ ನಿಂತಿದ್ದೆ. ಅವಳು ಚೆನ್ನಾಗಿಯೇ ಬರೆದಳು, ಇಂದಿಗೂ ಅದನ್ನು ಎತ್ತಿ ಆಡುತ್ತಾಳೆ, ಆಡಲಿ. ನಿಮ್ಮ ಮಗ ಮುಂದಿನ ವರ್ಷ ಹತ್ತನೆಯ ತರಗತಿ. ಒಂದು ವರ್ಷ ತಡವಾಗಿ ನೋಂದಣಿ ಮಾಡಿಸಿದರೆ ವಿದ್ಯೆಗೆ ನಷ್ಟವಿಲ್ಲ.

ಆ ಒಂದು ವರ್ಷ ಸುಮ್ಮನಿರಿ ಎಂದಲ್ಲ. ಒಂದೇ ಒಂದು ಬಟ್ಟೆ ತೆಗೆದುಕೊಳ್ಳಿ. ತಂದೆ ಕತ್ತರಿಸಿ ಹೊಲಿದ ಹಳೆಯ ಪ್ಯಾಂಟು ಮನೆಯಲ್ಲಿ ಇದ್ದೇ ಇರುತ್ತದೆ. ಕೈ ತೊಳೆದು ಒರೆಸಿಕೊಂಡು, ಒಗೆದ ಬಿಳಿಯ ಹತ್ತಿ ಬಟ್ಟೆಯ ಮೇಲೆ ಹರಡಿ. ಹತ್ತಿರ ಪೆನ್ನು ಬೇಡ, ಪೆನ್ಸಿಲ್ ಇರಲಿ. ಮೊದಲ ತಿಂಗಳು ಬರಿಯ ವರ್ಣನೆ: ಅಂಗುಲಕ್ಕೆ ಎಷ್ಟು ಎಳೆ, ಅಂಗುಲಕ್ಕೆ ಎಷ್ಟು ಹೊಲಿಗೆ, ದಾರ ಎಲ್ಲಿ ಬದಲಾಗಿದೆ, ಕಾಜಾ ಕೈಯದೋ ಮಷೀನಿನದೋ. ನೀಲಿ ಎಲ್ಲಿ ಬೆಳ್ಳಗಾಗಿದೆ ನೋಡಿ. ಡೆನಿಮ್‌ನಲ್ಲಿ ಹಾಸಿನ ನೂಲಿಗಷ್ಟೇ ನೀಲಿ ಹಾಕುತ್ತಾರೆ, ಅದೂ ನೂಲಿನ ಹೊರಮೈಗೇ ನಿಲ್ಲುತ್ತದೆ, ತಿರುಳು ಬಿಳಿ. ಆದ್ದರಿಂದ ತೊಟ್ಟವನು ಎಲ್ಲಿ ಮಂಡಿಯೂರಿದ, ಯಾವ ಕಿಸೆಯಲ್ಲಿ ಏನು ಇಟ್ಟ ಎಂಬುದು ಬಿಳಿ ಗೆರೆಯಾಗಿ ಉಳಿದಿರುತ್ತದೆ. ಊಹೆ ಬರೆಯಬೇಡಿ, ಬರೆಯಬೇಕೆಂದು ಕೈ ತುರಿಸುತ್ತದೆ, ತಡೆದುಕೊಳ್ಳಿ. ಎರಡನೆಯ ತಿಂಗಳು ತಂದೆಯನ್ನು ಕೇಳಿ. ಬರೆದದ್ದು ಹತ್ತು ಪುಟ ಆದಾಗ ನನಗೆ ಕಳುಹಿಸಿ. ನಾಲ್ಕನೆಯ ಪುಟಕ್ಕೇ ಬೇಸರ ಬಂದರೂ ಬರೆದು ತಿಳಿಸಿ. ಘಟಕದ ಮೇಲಿನ ಬೇಸರವೇ ಈ ಆಸೆಯ ವೇಷ ಹಾಕಿತ್ತು ಎಂದಾಗುತ್ತದೆ, ಆಗ ಬೇರೆ ಘಟಕ ಹುಡುಕುವ ಬಗ್ಗೆ ಮಾತಾಡೋಣ.

ಇದೆಲ್ಲಕ್ಕಿಂತ ಅವಸರದ ಕೆಲಸ ಒಂದಿದೆ. ಆಯುಧಪೂಜೆ ಹತ್ತಿರ ಬರುತ್ತಿದೆ. ನಿಮ್ಮಲ್ಲಿಯೂ ಮಷೀನುಗಳನ್ನು ಒರೆಸಿ, ಗೋಡೆ ಬಳಿದು, ಅಟ್ಟ ಖಾಲಿ ಮಾಡುತ್ತಾರೆ, ಮೊದಲು ಹೊರಬೀಳುವುದು ಮೊಳೆಯ ಮೇಲಿನ ರಟ್ಟುಗಳೇ. ರದ್ದಿಯವನಿಗಿಂತ ಮೊದಲು ಮಾಲೀಕರನ್ನು ಕಾಣಿ. ಸುಮ್ಮನೆ ಕೇಳಬೇಡಿ. ಅವನು ಕೆ.ಜಿ.ಗೆ ಎಷ್ಟು ಕೊಡುತ್ತಾನೋ ಅದರ ಮೇಲೆ ಒಂದು ರೂಪಾಯಿ ಸೇರಿಸಿ ಕೊಟ್ಟು ಚೀಟಿ ಬರೆಸಿಕೊಳ್ಳಿ, ನಾಳೆ ಯಾರೂ ನಮ್ಮ ಪ್ಯಾಟರ್ನ್ ಒಯ್ದರು ಎನ್ನಬಾರದು. ದಾರ ಬಿಚ್ಚಬೇಡಿ, ಯಾವ ರಟ್ಟು ಯಾವುದರ ಜೊತೆ ಇತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗೋಡೆಯಿಂದ ಇಳಿಸುವ ಮೊದಲು ಪ್ರತಿ ಮೊಳೆಯದ್ದೂ ಒಂದೊಂದು ಫೋಟೋ ತೆಗೆಯಿರಿ.